ಮದುವೆ ಮದ್ದಲ್ಲ



ನೆರೂಳಿನ ಒಂದು ಮನೆಯನ್ನು ಮನಸ್ಸಿನ ಮುಂದೆ ತಂದುಕೊಳ್ಳಬೇಕು. ಅದು ಇಂಥವರದೆಂದು ಬೆರಳಿಟ್ಟು ತೋರಿಸುವ ಮನೆಯಲ್ಲ. ಠಾಣೆ, ಡೊಂಬಿವಲಿ, ಕಲ್ಯಾಣಗಳಲ್ಲಿಯೂ ಪುಣೆ, ಬೆಂಗಳೂರುಗಳಲ್ಲಿಯೂ ಇರಬಹುದಾದ, ಹಲವು ಮನೆಗಳ ಸಂಗತಿಯನ್ನು ಕೂಡಿಸಿ ಕಲ್ಪಿಸಿದ ಮನೆ. ತಂದೆ ಬೆಳಗಾವಿ ಸೀಮೆಯಿಂದ ಬಂದು ಸಿಡ್ಕೋ ಕಟ್ಟಿಸಿದ ಸಣ್ಣ ಮನೆಯೊಂದರಲ್ಲಿ ಸಂಸಾರ ಹೂಡಿದವರು. ಸೂರ್ಯಾಸ್ತಕ್ಕೆ ಮೊದಲೇ ಊಟ, ಚತುರ್ದಶಿಯ ಉಪವಾಸ, ದಶಲಕ್ಷಣ ಪರ್ವದ ಹತ್ತು ದಿನವೂ ಪೂಜೆ, ಯಾವುದೂ ತಪ್ಪಿದ್ದಿಲ್ಲ. ಮಗನಿಗೆ 29 ವರ್ಷ; ಐರೋಲಿಯ ಕಚೇರಿಯೊಂದರಲ್ಲಿ ರಾತ್ರಿ ಪಾಳಿಯ ಕೆಲಸ. ಸಂಬಳ ಒಳ್ಳೆಯದೇ, ಆದರೆ ತಿಂಗಳ ನಡುವಿಗೆ ಕೈ ಬರಿದು. ಮನೆಯಲ್ಲಿದ್ದಾಗ ಕೋಣೆಯ ಬಾಗಿಲು ಸದಾ ಮುಚ್ಚಿರುತ್ತದೆ. ಒಂದು ದಿನ ಸಾಲ ವಸೂಲಿಯವರ ಫೋನು ತಂದೆಗೆ ಬರುತ್ತದೆ. ಅಲ್ಲಿಂದ ಎಳೆ ಹಿಡಿದು ಹೊರಟರೆ, ಗಂಟೆಗಟ್ಟಲೆ ನೋಡುವ ಅಶ್ಲೀಲ ವಿಡಿಯೊಗಳು, ಹಣ ಕೊಟ್ಟು ಮಾಡುವ ವಿಡಿಯೊ ಕರೆಗಳು, ಕೊನೆಗೆ ಹಣ ಕೊಟ್ಟು ಹೋಗಿ ಬಂದ ಜಾಗಗಳು. ಆ ಹುಡುಗ ಮೂರು ವರ್ಷಗಳಲ್ಲಿ ಹತ್ತಾರು ಸಲ ಬಿಡುತ್ತೇನೆಂದು ತನಗೆ ತಾನೇ ಆಣೆ ಇಟ್ಟುಕೊಂಡು, ಹತ್ತಾರು ಸಲ ಸೋತಿದ್ದಾನೆ. ಈಗ ಅದರಿಂದ ಅವನಿಗೆ ಸುಖವೂ ಇಲ್ಲ.

ಆ ರಾತ್ರಿ ಅಡುಗೆಮನೆಯಲ್ಲಿ ತಾಯಿ ಹೇಳುವ ಮಾತು ಇದು: "ಒಂದು ಮದುವೆ ಮಾಡಿಬಿಡೋಣ ರೀ. ಹೆಣ್ಣು ಬಂದ ಮೇಲೆ ಎಲ್ಲಾ ಸರಿಹೋಗತದ." ಮರುದಿನವೇ ಅಥಣಿಯ ಕಡೆಯ ಸಂಬಂಧಿಕರಿಗೆ ಫೋನು ಹೋಗುತ್ತದೆ. ಕೆಲಸವಿದೆ, ಸ್ವಂತ ಮನೆಯಿದೆ, ಕುಡಿತವಿಲ್ಲ, ಸಿಗರೇಟಿಲ್ಲ. ಆರು ತಿಂಗಳಲ್ಲಿ ಇಪ್ಪತ್ತಮೂರರ ಹೆಣ್ಣುಮಗಳೊಬ್ಬಳು ಏನನ್ನೂ ಅರಿಯದೆ ಆ ಮುಚ್ಚಿದ ಬಾಗಿಲಿನ ಕೋಣೆಗೆ ಬಂದು ಸೇರಬೇಕಾಗುತ್ತದೆ.

ತಾಯಿಯ ಆ ಮಾತು ಕ್ರೌರ್ಯದಿಂದ ಹುಟ್ಟಿದ್ದಲ್ಲ, ಭಯದಿಂದ ಹುಟ್ಟಿದ್ದು. ಆದರೂ ಅದು ತಪ್ಪು ಮಾತು. ಮಗನಿಗೂ ಅದರಿಂದ ಕೇಡು, ಇನ್ನೂ ಮನೆಗೆ ಕಾಲಿಡದ ಸೊಸೆಗೂ ಕೇಡು.

ಮೊದಲು ಈ ಸ್ಥಿತಿಗೆ ಹೆಸರೇನೆಂದು ತಿಳಿಯಬೇಕು. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಅಂತರರಾಷ್ಟ್ರೀಯ ವರ್ಗೀಕರಣದ 11ನೆಯ ಆವೃತ್ತಿ 2019ರ ಮೇ ತಿಂಗಳಲ್ಲಿ ಅಂಗೀಕೃತವಾಗಿ, 2022ರ ಜನವರಿ 1ರಿಂದ ಜಾರಿಗೆ ಬಂದಿತು. ಅದರಲ್ಲಿ 6ಸಿ72 ಎಂಬ ಸಂಖ್ಯೆಯಡಿ ಕಂಪಲ್ಸಿವ್ ಸೆಕ್ಷುಯಲ್ ಬಿಹೇವಿಯರ್ ಡಿಸಾರ್ಡರ್, ಅಂದರೆ ಹತೋಟಿ ತಪ್ಪಿದ ಲೈಂಗಿಕ ವರ್ತನೆಯ ಕಾಯಿಲೆ, ಮೊದಲ ಬಾರಿಗೆ ಸ್ಥಾನ ಪಡೆಯಿತು. ಕಳವಿನ ಗೀಳು, ಬೆಂಕಿ ಹಚ್ಚುವ ಗೀಳುಗಳ ಜೊತೆಗೆ, ಆವೇಗವನ್ನು ತಡೆಯಲಾಗದ ಕಾಯಿಲೆಗಳ ಗುಂಪಿನಲ್ಲಿ ಅದನ್ನು ಇರಿಸಲಾಗಿದೆ. ಇದನ್ನು ಮದ್ಯವ್ಯಸನದಂತೆ ವ್ಯಸನವೆಂದೇ ಕರೆಯಬೇಕೋ ಬೇಡವೋ ಎಂಬ ಚರ್ಚೆ ವೈದ್ಯರಲ್ಲಿ ಇನ್ನೂ ಮುಗಿದಿಲ್ಲ. 2013ರಲ್ಲಿ ಬಂದ ಅಮೆರಿಕದ ಮನೋವೈದ್ಯರ ಕೈಪಿಡಿ ಇಂಥದೊಂದು ಕಾಯಿಲೆಯನ್ನು ಸೇರಿಸಿಕೊಳ್ಳಲು ಒಪ್ಪಲಿಲ್ಲ. ಚರ್ಚೆ ಹಾಗಿರಲಿ. ನರಳುವವನಿಗೆ ಬೇಕಾದದ್ದು ಲಕ್ಷಣಗಳ ವಿವರಣೆ, ಅದು ಸ್ಪಷ್ಟವಾಗಿದೆ: ಲೈಂಗಿಕ ಆವೇಗವನ್ನು ಮತ್ತೆ ಮತ್ತೆ ತಡೆಯಲಾಗದಿರುವುದು, ಆ ವರ್ತನೆಯೇ ಬದುಕಿನ ಕೇಂದ್ರವಾಗಿ ಆರೋಗ್ಯ, ಕೆಲಸ, ಸಂಸಾರಗಳು ಮೂಲೆಗುಂಪಾಗುವುದು, ಬಿಡಲು ಮಾಡಿದ ಅನೇಕ ಪ್ರಯತ್ನಗಳು ವಿಫಲವಾಗುವುದು, ಹಾನಿ ಕಣ್ಣಿಗೆ ಕಾಣುತ್ತಿದ್ದರೂ, ಸುಖ ಸಿಗದಿದ್ದರೂ ಮುಂದುವರಿಯುವುದು, ಮತ್ತು ಇದು ಆರು ತಿಂಗಳು ಅಥವಾ ಅದಕ್ಕೂ ಹೆಚ್ಚು ಕಾಲದಿಂದ ನಡೆದಿರುವುದು.

ಆ ವಿವರಣೆಯಲ್ಲಿ ಇನ್ನೊಂದು ವಾಕ್ಯವಿದೆ. ಜೈನ ಕುಟುಂಬಗಳು ಅದನ್ನು ಎರಡು ಸಲ ಓದಬೇಕು. ತನ್ನ ಲೈಂಗಿಕ ಆಸೆ ಅಥವಾ ವರ್ತನೆ ಪಾಪವೆಂಬ ನೈತಿಕ ತೀರ್ಮಾನದಿಂದ ಮಾತ್ರ ಹುಟ್ಟಿದ ಸಂಕಟ ಈ ರೋಗನಿರ್ಣಯಕ್ಕೆ ಸಾಲದು ಎಂಬುದು ಅದರ ತಾತ್ಪರ್ಯ. ಹತ್ತೊಂಬತ್ತರ ಹುಡುಗ ವಾರಕ್ಕೊಮ್ಮೆ ಹಸ್ತಮೈಥುನ ಮಾಡಿಕೊಂಡು, ಪ್ರವಚನದಲ್ಲಿ ಕೇಳಿದ ಮಾತಿಗೆ ನಡುಗಿ, ತಾನು ನಾಶವಾದೆನೆಂದು ನಿದ್ದೆಗೆಟ್ಟರೆ ಅವನು ರೋಗಿಯಲ್ಲ. ಅವನಿಗೆ ಬೇಕಾದದ್ದು ಸರಿಯಾದ ತಿಳಿವಳಿಕೆ. ವೀರ್ಯನಾಶದ ಭಯದಿಂದ ಸೊರಗುವ ಭಾರತದ ತರುಣರ ಈ ಸಂಕಟಕ್ಕೆ ಮನೋವೈದ್ಯ ಡಾ. ಎನ್. ಎನ್. ವಿಗ್ ಅವರು 1960ರಲ್ಲಿಯೇ ಧಾತ್ ಸಿಂಡ್ರೋಮ್ ಎಂದು ಹೆಸರಿಟ್ಟಿದ್ದರು. ಲೋಕಲ್ ರೈಲಿನ ಕಿಟಕಿಯಿಂದ ಕಾಣುವ ಗೋಡೆಗಳ ಮೇಲಿನ "ಗುಪ್ತರೋಗ" ಜಾಹೀರಾತುಗಳೆಲ್ಲ ಬದುಕಿರುವುದು ಆ ಭಯದ ಮೇಲೆಯೇ. ಇಂಥ ಜಾಹೀರಾತುಗಳನ್ನು ನಿಷೇಧಿಸುವ ಕಾಯಿದೆ 1954ರಿಂದಲೂ ಇದೆ. ಗೋಡೆಗಳಿಗೆ ಅದು ತಿಳಿದಂತಿಲ್ಲ. ಹಾಗೆಯೇ, ಮಗನಿಗೆ ಗಂಡಸರ ಮೇಲೆ ಒಲವಿದೆಯೆಂದು ತಿಳಿದು ಅದನ್ನು "ಬಿಡಿಸಲು" ವೈದ್ಯರ ಬಳಿಗೆ ಕರೆತರುವ ತಂದೆತಾಯಿಗಳಿದ್ದಾರೆ. ಅದು ರೋಗವೇ ಅಲ್ಲ. ಅದನ್ನು ಬದಲಿಸುವೆವೆಂದು ಚಿಕಿತ್ಸೆ ನೀಡುವುದು ವೃತ್ತಿದ್ರೋಹವೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಹೇಳಿದೆ.

ಆದ್ದರಿಂದ ವ್ರತಭಂಗ ಬೇರೆ, ರೋಗ ಬೇರೆ. ವ್ರತಭಂಗಕ್ಕೆ ಗುರುಗಳಿದ್ದಾರೆ, ಪ್ರಾಯಶ್ಚಿತ್ತವಿದೆ. ರೋಗಕ್ಕೆ ವೈದ್ಯರಿದ್ದಾರೆ. ಒಂದರ ಬಾಗಿಲಿಗೆ ಹೋಗಬೇಕಾದವನನ್ನು ಇನ್ನೊಂದರ ಬಾಗಿಲಿಗೆ ಕಳಿಸಿದಾಗ ಎರಡೂ ಕೆಡುತ್ತವೆ. ಹತೋಟಿ ತಪ್ಪಿದವನಿಗೆ ಇನ್ನೊಂದು ನಿಯಮ ಕೊಡಿಸಿದರೆ, ಮುರಿಯುವುದಕ್ಕೆ ಇನ್ನೊಂದು ಆಣೆ ಸಿಕ್ಕಿತು, ಅಷ್ಟೇ. ಮುರಿದಾಗ ಹುಟ್ಟುವ ನಾಚಿಕೆ ಅವನನ್ನು ಮತ್ತೆ ಅದೇ ಪರದೆಯ ಮುಂದೆ ಕೂರಿಸುತ್ತದೆ, ಏಕೆಂದರೆ ನಾಚಿಕೆಯನ್ನು ಒಂದು ಗಂಟೆಯ ಮಟ್ಟಿಗೆ ಮರೆಸಬಲ್ಲ ದಾರಿ ಅವನಿಗೆ ಗೊತ್ತಿರುವುದು ಅದೊಂದೇ.

ಹಾಗೆಂದು ಪರಂಪರೆಯ ಬಳಿ ಈ ವಿಷಯಕ್ಕೆ ಮಾತೇ ಇಲ್ಲವೆಂದು ತಿಳಿಯಬಾರದು. ಶ್ರಾವಕಾಚಾರ ಹೇಳುವ ಸಪ್ತವ್ಯಸನಗಳಲ್ಲಿ ಎರಡು, ವೇಶ್ಯಾಗಮನ ಮತ್ತು ಪರಸ್ತ್ರೀಗಮನ, ಕಾಮಕ್ಕೆ ಸಂಬಂಧಿಸಿದವು. ಅವನ್ನು ಜೂಜು, ಮದ್ಯಗಳ ಸಾಲಿನಲ್ಲಿಯೇ ವ್ಯಸನವೆಂದು ಕರೆಯಲಾಗಿದೆ. ತತ್ವಾರ್ಥಸೂತ್ರದ ಏಳನೆಯ ಅಧ್ಯಾಯ ಬ್ರಹ್ಮಚರ್ಯಾಣುವ್ರತದ ಅತಿಚಾರಗಳನ್ನು ಎಣಿಸುವಾಗ "ಕಾಮತೀವ್ರಾಭಿನಿವೇಶ"ವನ್ನು ಹೆಸರಿಸುತ್ತದೆ. ಕಾಮದಲ್ಲಿ ಬಿಡಲಾಗದ ತೀವ್ರ ಅಂಟು ಎಂದು ಅದರ ಅರ್ಥ. ಆಸೆ ಇರುವುದನ್ನಲ್ಲ, ಆಸೆಯ ಹಿಡಿತ ಅತಿಯಾಗುವುದನ್ನು ಅದು ಗುರುತಿಸಿತು. ಈ ಪಟ್ಟಿಗಳೆಲ್ಲ ಗಂಡಸರನ್ನು ಮುಂದಿಟ್ಟುಕೊಂಡು ಬರೆದವು ಎಂಬುದೂ ನಿಜ. ಈ ಕಾಯಿಲೆ ಹೆಂಗಸರಿಗೂ ಬರುತ್ತದೆ. ಅವರು ಬಾಯಿಬಿಡುವುದು ಇನ್ನೂ ಕಷ್ಟ.

ಆಲೋಚನೆ ಎಂಬ ಶಬ್ದಕ್ಕೆ ಇಂದು ಕನ್ನಡದಲ್ಲಿ ಯೋಚನೆ ಎಂದೇ ಅರ್ಥ. ಶಾಸ್ತ್ರದಲ್ಲಿ ಅದು ತನ್ನ ದೋಷವನ್ನು ಗುರುವಿನ ಮುಂದೆ ಮರೆಮಾಚದೆ ಹೇಳಿಕೊಳ್ಳುವುದು, ಪ್ರಾಯಶ್ಚಿತ್ತದ ಒಂಬತ್ತು ಬಗೆಗಳಲ್ಲಿ ಮೊದಲನೆಯದು. ಹಾಗೆ ಹೇಳಿಕೊಳ್ಳುವಾಗ ಜನ ಮಾಡುವ ಹತ್ತು ದೋಷಗಳನ್ನು ಶಿವಾರ್ಯರ ಭಗವತೀ ಆರಾಧನೆ ವಿವರಿಸುತ್ತದೆ. ಬೇರೆಯವರು ಕಂಡದ್ದನ್ನು ಮಾತ್ರ ಒಪ್ಪಿಕೊಳ್ಳುವುದು. ಸಣ್ಣದನ್ನು ಹೇಳಿ ದೊಡ್ಡದನ್ನು ಮುಚ್ಚುವುದು. ಗುರುವಿಗೆ ಸರಿಯಾಗಿ ಕೇಳಿಸದಂತೆ ಗದ್ದಲದ ನಡುವೆ ಹೇಳುವುದು. ಮೊದಲು ಗುರುವಿನ ಮನಸ್ಸು ಕರಗಿಸಿಕೊಂಡು ಆಮೇಲೆ ಹೇಳುವುದು. ತನ್ನಂಥದೇ ದೋಷವಿರುವವನನ್ನು ಹುಡುಕಿ ಅವನಿಗೆ ಹೇಳುವುದು. ಆಪ್ತಸಮಾಲೋಚಕರ ಕೋಣೆಯಲ್ಲಿ ಮೊದಲ ದಿನ ನಡೆಯುವುದೂ ಇದೇ. ಫೋನಿನಲ್ಲಿ ಸಿಕ್ಕಿಬಿದ್ದದ್ದು ಮಾತ್ರ ಹೊರಬರುತ್ತದೆ. ಸಾಲ ಎರಡು ಲಕ್ಷವಿದ್ದರೆ ಎಂಬತ್ತು ಸಾವಿರವೆನ್ನುತ್ತಾರೆ. ಮನುಷ್ಯ ಹೇಗೆ ಮುಚ್ಚಿಡುತ್ತಾನೆಂಬುದನ್ನು ಇಷ್ಟು ಸೂಕ್ಷ್ಮವಾಗಿ ಬಲ್ಲ ಪರಂಪರೆಯವರಿಗೆ ಸಮಾಲೋಚನೆ ಎಂದರೆ ಪರದೇಶದ ಸರಕೆಂದು ಅನ್ನಿಸಬೇಕಾಗಿಲ್ಲ.

ಮುಚ್ಚಿಟ್ಟರೆ ಏನಾಗುತ್ತದೆಂಬುದಕ್ಕೆ ಕನ್ನಡಿಗರ ಮನೆಯಲ್ಲಿಯೇ ಒಂದು ಕಥೆಯಿದೆ. ಜನ್ನನ ಯಶೋಧರ ಚರಿತೆ 1209ರ ಕಾವ್ಯ. ರಾಣಿ ಅಮೃತಮತಿ ಮಾವಟಿಗನ ಹಾಡಿಗೆ ಮರುಳಾದ ಕಥೆಯೆಂದು ಎಲ್ಲರೂ ಅದನ್ನು ನೆನೆಯುತ್ತಾರೆ. ಅವಳಿಗೆ ರೋಗವಿತ್ತೆಂದು ಹೇಳುವುದು ಕಾವ್ಯಕ್ಕೆ ಮಾಡುವ ಅನ್ಯಾಯ. ಇಲ್ಲಿ ನೋಡಬೇಕಾದದ್ದು ಯಶೋಧರನನ್ನು. ಕಣ್ಣಾರೆ ಕಂಡದ್ದನ್ನು ಅವನು ತಾಯಿಗೆ ಹೇಳಲಾರ. ಕೆಟ್ಟ ಕನಸು ಬಿತ್ತೆಂದು ಮಾತು ಮರೆಸುತ್ತಾನೆ. ತಾಯಿ ಚಂದ್ರಮತಿ ಆ ಕನಸಿಗೆ ಶಾಂತಿ ಮಾಡಿಸಲು ಹೊರಡುತ್ತಾಳೆ. ಬಲಿ ಬೇಡವೆಂಬ ಮಗನಿಗೂ ಬಲಿ ಬೇಕೆಂಬ ತಾಯಿಗೂ ರಾಜಿಯಾಗಿ ಹಿಟ್ಟಿನ ಕೋಳಿ ಸಿದ್ಧವಾಗುತ್ತದೆ. ಅಲ್ಲಿಂದ ವಿಷ, ಸಾವು, ಜನ್ಮಜನ್ಮಗಳ ಅಲೆದಾಟ. ಸಂಕಲ್ಪಹಿಂಸೆಯ ಫಲವನ್ನು ಹೇಳಲು ಬರೆದ ಕಥೆಯದು, ಸರಿ. ಆದರೆ ಮನೆಯ ಸಂಕಟಕ್ಕೆ ತಪ್ಪು ಹೆಸರು ಹೇಳಿದ್ದರಿಂದ ತಾಯಿ ತಪ್ಪು ಮದ್ದು ಹುಡುಕಿದಳೆಂಬುದೂ ಅದರಲ್ಲಿದೆ. ನೆರೂಳಿನ ಅಡುಗೆಮನೆಯಲ್ಲಿ ಮದುವೆಯ ಮಾತೆತ್ತಿದ ತಾಯಿಯೂ ಹಿಟ್ಟಿನ ಕೋಳಿಯನ್ನೇ ಮಾಡುತ್ತಿದ್ದಾಳೆ.

ಮುಚ್ಚುಮರೆಗೆ ಮನೆಗಳನ್ನಷ್ಟೇ ದೂರಿ ಫಲವಿಲ್ಲ. ಸರ್ಕಾರಗಳು ಮಾಡಿದ್ದೂ ಅದನ್ನೇ. ಶಾಲೆಗಳಿಗೆಂದು ರೂಪಿಸಿದ ಹದಿಹರೆಯದ ಶಿಕ್ಷಣ ಕಾರ್ಯಕ್ರಮವನ್ನು 2007ರಲ್ಲಿ ಮಹಾರಾಷ್ಟ್ರ ಮತ್ತು ಕರ್ನಾಟಕ ಎರಡೂ ಸಂಸ್ಕೃತಿಯ ಹೆಸರಿನಲ್ಲಿ ತಡೆದವು. ಶಾಲೆಯ ಬಾಗಿಲು ಮುಚ್ಚಿದ ಒಂಬತ್ತು ವರ್ಷಕ್ಕೆ, 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ದೇಶದ ಪ್ರತಿ ಕೈಗೂ ಅಗ್ಗದ ಡೇಟಾ ಸಿಕ್ಕಿತು. ಪಾಠ ಹೇಳುವವರಿಲ್ಲದ ಮಕ್ಕಳಿಗೆ ಪರದೆಯೇ ಗುರುವಾಯಿತು. 2018ರಲ್ಲಿ ಉತ್ತರಾಖಂಡ ಹೈಕೋರ್ಟಿನ ಆದೇಶದ ಬಳಿಕ ಕೇಂದ್ರ 827 ಅಶ್ಲೀಲ ಜಾಲತಾಣಗಳನ್ನು ತಡೆಯಲು ಹೇಳಿತು. ತಡೆ ಬಂತು, ಕಾಯಿಲೆ ಬಿದ್ದವನಿಗೆ ಚಿಕಿತ್ಸೆ ಎಲ್ಲಿ ಎಂಬ ಮಾತು ಮಾತ್ರ ಬರಲಿಲ್ಲ. ಅದಕ್ಕೂ ಮೊದಲು, 2012ರ ಫೆಬ್ರುವರಿಯಲ್ಲಿ, ಕರ್ನಾಟಕ ವಿಧಾನಸಭೆಯ ಕಲಾಪ ನಡೆಯುತ್ತಿರುವಾಗ ಮೊಬೈಲಿನಲ್ಲಿ ಅಶ್ಲೀಲ ದೃಶ್ಯ ನೋಡಿದ ಆರೋಪದ ಮೇಲೆ ಮೂವರು ಸಚಿವರು ರಾಜೀನಾಮೆ ಕೊಟ್ಟರು. ನಾಡು ತಿಂಗಳುಗಟ್ಟಲೆ ನಕ್ಕಿತು. ಅವರಿಗೆ ಯಾವ ಕಾಯಿಲೆಯೂ ಇತ್ತೆಂದು ಹೇಳಲು ಆಧಾರವಿಲ್ಲ, ಹೇಳಬೇಕಾಗಿಯೂ ಇಲ್ಲ. ಆದರೆ ಆ ನಗೆಯನ್ನು ಕೇಳಿಸಿಕೊಂಡ ಒಬ್ಬ ನಿಜವಾದ ರೋಗಿ, ತನ್ನ ಮಾತು ಹೊರಬಿದ್ದರೆ ಏನು ಕಾದಿದೆಯೆಂದು ಚೆನ್ನಾಗಿ ಅರಿತುಕೊಂಡಿರಬೇಕು.

ಇದಕ್ಕೆ ಪ್ರತಿಯಾಗಿ ಮದ್ಯದ ವಿಷಯದಲ್ಲಿ ಜೈನ ಸಮಾಜದ ನೇತೃತ್ವದಲ್ಲಿಯೇ ನಡೆದ ಒಂದು ಕೆಲಸವಿದೆ. ಧರ್ಮಸ್ಥಳದ ಧರ್ಮಾಧಿಕಾರಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಮಾರ್ಗದರ್ಶನದಲ್ಲಿ ಜನಜಾಗೃತಿ ವೇದಿಕೆ ಊರೂರುಗಳಲ್ಲಿ ಮದ್ಯವರ್ಜನ ಶಿಬಿರಗಳನ್ನು ನಡೆಸುತ್ತ ಬಂದಿದೆ. ಶಿಬಿರದಲ್ಲಿ ಕುಡಿತ ಬಿಟ್ಟವರು ಅನಂತರವೂ ಸೇರುತ್ತಿರಲೆಂದು ನವಜೀವನ ಸಮಿತಿಗಳಿವೆ. ಕುಡುಕನೆಂದು ಊರೆಲ್ಲ ಆಡಿಕೊಂಡಿದ್ದ ಮನುಷ್ಯ ಹೆಂಡತಿಯ ಜೊತೆ ಎಲ್ಲರ ಎದುರು ಕುಳಿತು ತನ್ನ ಕಥೆ ಹೇಳುತ್ತಾನೆ, ಯಾರೂ ನಗುವುದಿಲ್ಲ. ಕಾಮದ ವ್ಯಸನಕ್ಕೆ ಅಂಥ ಬಹಿರಂಗ ಶಿಬಿರ ಒಪ್ಪುವುದಿಲ್ಲ, ಇಲ್ಲಿ ಗೌಪ್ಯವೇ ಚಿಕಿತ್ಸೆಯ ಅರ್ಧ ಭಾಗ. ಆದರೂ ಬಿಡಲಾಗದವನನ್ನು ದುಷ್ಟನೆನ್ನದೆ ನೆರವು ಬೇಕಾದವನೆಂದು ನೋಡುವುದನ್ನು ಆ ಶಿಬಿರಗಳು ಕಲಿಸಿವೆ.

ಈಗ ಚಿಕಿತ್ಸೆಯ ವಿಚಾರ. ಮೊದಲ ಭೇಟಿ ಮನೋವೈದ್ಯರ ಬಳಿ ಆಗುವುದು ಒಳ್ಳೆಯದು. ಕಾರಣವಿದೆ. ಲೈಂಗಿಕ ಹತೋಟಿ ತಪ್ಪುವುದು ಬೇರೆ ಕಾಯಿಲೆಯ ಹೊರಗುರುತೂ ಆಗಿರಬಹುದು. ಬೈಪೋಲಾರ್ ಕಾಯಿಲೆಯ ಉನ್ಮಾದದ ದಿನಗಳಲ್ಲಿ ಹೀಗಾಗುತ್ತದೆ. ಅದು ಇಳಿದರೆ ಇದೂ ಇಳಿಯುತ್ತದೆ. ಮೆದುಳಿನ ಮುಂಭಾಗ ಸವೆಯುವ ಒಂದು ಬಗೆಯ ಮರೆವಿನ ಕಾಯಿಲೆಯಲ್ಲಿಯೂ ಹೀಗಾಗುತ್ತದೆ. ಪಾರ್ಕಿನ್ಸನ್ ಕಾಯಿಲೆಗೆ ಕೊಡುವ ಪ್ರಾಮಿಪೆಕ್ಸೋಲ್, ರೋಪಿನಿರೋಲ್‌ನಂಥ ಔಷಧಗಳಿಂದ ಕೆಲವರಲ್ಲಿ ಜೂಜು, ಅತಿ ಖರೀದಿ, ಅತಿ ಕಾಮ ಕಾಣಿಸಿಕೊಳ್ಳುವುದು ವೈದ್ಯರಿಗೆ ಚೆನ್ನಾಗಿ ಗೊತ್ತಿರುವ ಅಡ್ಡಪರಿಣಾಮ. ಎಪ್ಪತ್ತು ವರ್ಷ ಮರ್ಯಾದೆಯಿಂದ ಬಾಳಿದ ಅಜ್ಜ ಇದ್ದಕ್ಕಿದ್ದಂತೆ ಮನೆಗೆಲಸದವಳ ಮುಂದೆ ಅಸಭ್ಯವಾಗಿ ಮಾತಾಡತೊಡಗಿದರೆ, "ಮುದಿ ವಯಸ್ಸಿನಲ್ಲಿ ಇವರ ನಿಜ ಬಣ್ಣ ಬಯಲಾಯಿತು" ಎನ್ನುವುದಕ್ಕೆ ಮೊದಲು ಅವರ ಮಾತ್ರೆಯ ಡಬ್ಬಿಯನ್ನು ನರರೋಗ ವೈದ್ಯರ ಮುಂದಿಡಬೇಕು. ಮಾತ್ರೆಯನ್ನು ಮನೆಯವರೇ ನಿಲ್ಲಿಸಬಾರದು, ಅದೂ ಅಪಾಯ. ಮನೆಗೆಲಸದವಳನ್ನು ಆ ಕೋಣೆಗೆ ಒಬ್ಬಳೇ ಕಳಿಸುವುದನ್ನಂತೂ ಆ ಕ್ಷಣವೇ ನಿಲ್ಲಿಸಬೇಕು.

ಇಂಥ ಕಾರಣಗಳಿಲ್ಲವೆಂದಾದ ಮೇಲೆ ನಡೆಯುವುದು ಮುಖ್ಯವಾಗಿ ಮಾತಿನ ಚಿಕಿತ್ಸೆ. ಸಿ.ಬಿ.ಟಿ. ಎಂದು ಕರೆಯುವ ಕ್ರಮದಲ್ಲಿ ಸಮಾಲೋಚಕರು ಪಾಪಪುಣ್ಯದ ಪ್ರಶ್ನೆ ಎತ್ತುವುದಿಲ್ಲ. ಗಡಿಯಾರದ ಪ್ರಶ್ನೆ ಎತ್ತುತ್ತಾರೆ. ಎಷ್ಟು ಹೊತ್ತಿಗೆ ಆರಂಭವಾಯಿತು, ಅದಕ್ಕೂ ಮುಂಚಿನ ಒಂದು ಗಂಟೆಯಲ್ಲಿ ಏನಾಯಿತು, ಆಗ ಒಬ್ಬನೇ ಇದ್ದೆಯಾ, ಎಷ್ಟು ನಿದ್ದೆಯಾಗಿತ್ತು. ಕೆಲವು ವಾರ ಹೀಗೆ ಬರೆದಿಟ್ಟರೆ ಸರಪಳಿಯ ಕೊಂಡಿಗಳು ಕಾಣುತ್ತವೆ. ರಾತ್ರಿ ಪಾಳಿ ಮುಗಿಸಿ ಬೆಳಗಿನ ರೈಲಿನಲ್ಲಿ ಬಂದು, ಎಲ್ಲರೂ ಕೆಲಸಕ್ಕೆ ಹೋದ ಮನೆಯಲ್ಲಿ ಒಬ್ಬನೇ ಮಲಗುವ ಹೊತ್ತು ಒಬ್ಬನಿಗೆ ಅಪಾಯದ ಹೊತ್ತು. ಇನ್ನೊಬ್ಬನಿಗೆ ಸಂಬಳದ ದಿನ. ಮತ್ತೊಬ್ಬನಿಗೆ ತಂದೆಯೊಡನೆ ಜಗಳವಾಡಿದ ರಾತ್ರಿ. ಕೊಂಡಿ ಕಂಡ ಮೇಲೆ ಅದನ್ನು ಕಳಚುವ ಉಪಾಯ ಹುಡುಕಬಹುದು: ಪಾಳಿ ಬದಲಿಸಿಕೊಳ್ಳುವುದು, ಫೋನನ್ನು ಮಲಗುವ ಕೋಣೆಯಿಂದ ಹೊರಗಿಡುವುದು, ಹಣದ ವ್ಯವಹಾರ ಕೆಲಕಾಲ ಮನೆಯವರೊಬ್ಬರ ಕಣ್ಣಿಗೆ ಬೀಳುವಂತೆ ಮಾಡುವುದು.

ಆವೇಗ ಎದ್ದಾಗ ಅದರೊಡನೆ ಗುದ್ದಾಡದೆ, ಅದು ಏರಿ ಇಳಿಯುವವರೆಗೆ ನೋಡುತ್ತ ಕುಳಿತುಕೊಳ್ಳುವುದನ್ನೂ ಕಲಿಸುತ್ತಾರೆ. ಪಾಮ್ ಬೀಚ್ ರಸ್ತೆಯ ಪಕ್ಕದ ಜೌಗಿಗೆ ಖಾಡಿಯ ನೀರು ಏರಿ ಬರುವುದನ್ನು ನೆರೂಳಿನವರು ದಿನವೂ ಕಾಣುತ್ತಾರೆ. ಅದನ್ನು ಯಾರೂ ತಡೆಯಲಾರರು. ಕೆಲವು ಗಂಟೆಗಳಲ್ಲಿ ಅದೇ ಇಳಿಯುತ್ತದೆ. ಕಾಮದ ಆವೇಗಕ್ಕೆ ಅಷ್ಟು ಹೊತ್ತೂ ಬೇಕಿಲ್ಲ. ಸಾಮಾಯಿಕದಲ್ಲಿ ಕುಳಿತು ಅಭ್ಯಾಸವಿರುವವರಿಗೆ ಇದು ಹೊಸತೆನಿಸಲಾರದು. ಖಿನ್ನತೆ, ಆತಂಕ, ಬಾಲ್ಯದಲ್ಲಿ ಅನುಭವಿಸಿದ ಲೈಂಗಿಕ ದೌರ್ಜನ್ಯ ಇವು ಜೊತೆಗಿದ್ದರೆ ಅವುಗಳಿಗೂ ಚಿಕಿತ್ಸೆ ಬೇಕು. ಕೆಲವರಿಗೆ ಖಿನ್ನತೆಯ ಔಷಧಗಳೋ, ಮದ್ಯವ್ಯಸನದಲ್ಲಿ ಬಳಸುವ ನಾಲ್ಟ್ರೆಕ್ಸೋನೋ ನೆರವಾಗಬಹುದು. ಅದನ್ನು ಮನೋವೈದ್ಯರೇ ನಿರ್ಧರಿಸಬೇಕು, ಔಷಧದ ಅಂಗಡಿಯವರಲ್ಲ. ಚಿಕಿತ್ಸೆಯ ಗುರಿ ಮುನಿಯ ಬ್ರಹ್ಮಚರ್ಯವಲ್ಲ. ಹತೋಟಿ ಮರಳಿ ಬರುವುದು, ಬದುಕಿನ ಉಳಿದ ಭಾಗ ಮರಳಿ ತೆರೆಯುವುದು. ನಡುವೆ ಒಮ್ಮೆ ಜಾರಿದರೆ ಎಲ್ಲವೂ ಮೊದಲಿಗೆ ಹೋಯಿತೆಂದಲ್ಲ. ಆ ವಾರವೇ ಸಮಾಲೋಚಕರಿಗೆ ಹೇಳಿದರೆ ಅದೂ ಒಂದು ಪಾಠ. ಮುಚ್ಚಿಟ್ಟರೆ ಮಾತ್ರ ಮರುಕಳಿಕೆ.

ಪರಸ್ಪರ ನೆರವಿನ ಸಂಘಗಳೂ ಇವೆ. 1935ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಆಲ್ಕೊಹಾಲಿಕ್ಸ್ ಅನಾನಿಮಸ್ ಮಾದರಿಯಲ್ಲಿ, 1970ರ ದಶಕದಲ್ಲಿ ಸೆಕ್ಸ್ ಅಡಿಕ್ಟ್ಸ್ ಅನಾನಿಮಸ್, ಸೆಕ್ಸಾಹಾಲಿಕ್ಸ್ ಅನಾನಿಮಸ್ ಮುಂತಾದವು ಆರಂಭವಾದವು. ಹೆಸರು ಹೇಳಬೇಕಿಲ್ಲ, ಶುಲ್ಕವಿಲ್ಲ, ಅಂತರಜಾಲದ ಮೂಲಕವೂ ಸಭೆಗಳು ನಡೆಯುತ್ತವೆ. ಒಂದರ ನಿಯಮ ಇನ್ನೊಂದರಂತಿಲ್ಲ: ಸೆಕ್ಸಾಹಾಲಿಕ್ಸ್ ಅನಾನಿಮಸ್ ವಿವಾಹದ ಹೊರಗಿನ ಎಲ್ಲವನ್ನೂ, ಹಸ್ತಮೈಥುನವನ್ನೂ ಬಿಡಬೇಕೆನ್ನುತ್ತದೆ, ಸೆಕ್ಸ್ ಅಡಿಕ್ಟ್ಸ್ ಅನಾನಿಮಸ್ ತನ್ನ ಗೆರೆಯನ್ನು ಸದಸ್ಯನೇ ಎಳೆದುಕೊಳ್ಳಲು ಬಿಡುತ್ತದೆ. ಹನ್ನೆರಡು ಹೆಜ್ಜೆಗಳಲ್ಲಿ ದೇವರ ಮಾತು ಬರುವುದರಿಂದ ಸೃಷ್ಟಿಕರ್ತನನ್ನು ಒಪ್ಪದ ಜೈನನಿಗೆ ಮುಜುಗರವಾಗಬಹುದು. ತನಗೆ ತಿಳಿದಂಥ ದೇವರು ಎಂಬ ಅವಕಾಶ ಅಲ್ಲಿದೆ, ರತ್ನತ್ರಯವನ್ನು ಮನಸ್ಸಿನಲ್ಲಿಟ್ಟು ಕುಳಿತರೂ ಯಾರೂ ಎಬ್ಬಿಸುವುದಿಲ್ಲ. ಇವು ಜೊತೆಗಾರರ ಕೂಟಗಳು, ಆಸ್ಪತ್ರೆಗಳಲ್ಲ. ವೈದ್ಯರ ಜಾಗದಲ್ಲಿ ಅವನ್ನು ನಿಲ್ಲಿಸಬಾರದು.

ಎಲ್ಲಿಗೆ ಹೋಗಬೇಕು? ನೆರೂಳಿನಲ್ಲಿಯೇ ಡಿ. ವೈ. ಪಾಟೀಲ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ. ಇಂಥ ಬೋಧನಾ ಆಸ್ಪತ್ರೆಗಳಲ್ಲಿ ಮನೋವೈದ್ಯ ವಿಭಾಗವಿರುತ್ತದೆ. ಠಾಣೆಯಲ್ಲಿ 1901ರಷ್ಟು ಹಳೆಯ ಸರ್ಕಾರಿ ಮನೋರೋಗ ಆಸ್ಪತ್ರೆಯಿದೆ. ಅದರ ಹೆಸರು ಕೇಳಿ ಹೆದರುವವರು ಪರೇಲಿನ ಕೆ.ಇ.ಎಂ.ಗೆ ಹೋಗಬಹುದು. ಅಲ್ಲಿ ನೆರೆಮನೆಯವರು ಸಿಗುವ ಭಯ ಕಡಿಮೆ ಎಂಬುದೂ ಒಂದು ಸಣ್ಣ ಅನುಕೂಲ, ಅದನ್ನು ನಾಚಿಕೆಯಿಲ್ಲದೆ ಬಳಸಿಕೊಳ್ಳಬೇಕು. ಊರ ಕಡೆಯವರಿಗೆ ಬೆಂಗಳೂರಿನ ನಿಮ್ಹಾನ್ಸ್ ಇದೆ. ಪರದೆಯ ಗೀಳಿಗೆಂದೇ 2014ರಲ್ಲಿ ಆರಂಭವಾದ ಶಟ್ ಕ್ಲಿನಿಕ್ ಅಲ್ಲಿನದು. ಮೊದಲ ಮಾತು ಫೋನಿನಲ್ಲಿಯೇ ಆಗಲೆನ್ನುವವರಿಗೆ 2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ ಮಾನಸ್ ಇದೆ. ಸಂಖ್ಯೆ 14416, ಹಗಲೂ ರಾತ್ರಿಯೂ ಉಚಿತ. ಭಾಷೆ ಆರಿಸಿಕೊಳ್ಳುವಾಗ ಕನ್ನಡವೂ ಇದೆ. ಮಗ ಇಂಗ್ಲಿಷಿನಲ್ಲಿಯೋ ಮರಾಠಿಯಲ್ಲಿಯೋ ಮಾತಾಡಿಯಾನು; ತಾಯಿಗೆ, ಊರಿನಿಂದ ಬಂದ ಸೊಸೆಗೆ, ಈ ಮಾತನ್ನು ಆಡಲು ಸ್ವಂತ ಭಾಷೆಯೇ ಬೇಕು. ಚಿಕಿತ್ಸಾ ಮನಶ್ಶಾಸ್ತ್ರಜ್ಞರೆಂದು ಹೇಳಿಕೊಳ್ಳುವವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇದೆಯೇ ಎಂದು ಕೇಳುವುದು ಅಸಭ್ಯತೆಯಲ್ಲ.

ಮಾತು ಹೊರಗೆ ಹೋಗುತ್ತದೆಂಬ ಭಯಕ್ಕೆ ಕಾನೂನಿನ ಉತ್ತರವಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ 23ನೆಯ ಕಲಮು ರೋಗಿಯ ಗೌಪ್ಯವನ್ನು ಹಕ್ಕೆಂದು ಹೇಳುತ್ತದೆ. 21ನೆಯ ಕಲಮಿನ ಪ್ರಕಾರ ವಿಮಾ ಕಂಪನಿಗಳು ಮಾನಸಿಕ ಕಾಯಿಲೆಗೂ ದೈಹಿಕ ಕಾಯಿಲೆಯಂತೆಯೇ ವಿಮೆ ಒದಗಿಸಬೇಕು. ಆದರೆ ಗೌಪ್ಯಕ್ಕೆ ಮಿತಿಯಿದೆ: ಇನ್ನೊಬ್ಬರಿಗೆ ಹಾನಿಯಾಗುವಂತಿದ್ದರೆ ವೈದ್ಯರು ಬಾಯಿಬಿಡಬಹುದು. ಮಗುವಿನ ಮೇಲೆ ದೌರ್ಜನ್ಯ ನಡೆದದ್ದು ತಿಳಿದರೆ ಪೋಕ್ಸೋ ಕಾಯಿದೆಯ 19ನೆಯ ಕಲಮಿನಂತೆ ಯಾರೇ ಆಗಲಿ ವರದಿ ಮಾಡಲೇಬೇಕು. ಈ ಗೆರೆ ಸರಿಯಾದದ್ದೇ. ಇನ್ನೊಬ್ಬರ ಒಪ್ಪಿಗೆಯಿಲ್ಲದೆ ಮಾಡಿದ್ದು, ಮಗುವಿಗೆ ಮಾಡಿದ್ದು, ಕದ್ದು ಚಿತ್ರ ತೆಗೆದದ್ದು ಅಪರಾಧ. ಕಾಯಿಲೆಯ ಹೆಸರು ಹೇಳಿ ಅದರಿಂದ ತಪ್ಪಿಸಿಕೊಳ್ಳಲು ಸಮಾಜ ಯಾರಿಗೂ ನೆರವಾಗಬಾರದು, ಅವನು ಎಷ್ಟೇ ದೊಡ್ಡ ದಾನಿಯಾಗಿರಲಿ.

ಆಗಲೇ ಮದುವೆಯಾಗಿದ್ದರೆ? ಹೆಂಡತಿಯ ಮೇಲೆ ಹೊರೆ ಹೊರಿಸುವ ಚಾಳಿ ಇಲ್ಲಿಯೇ ಹೆಚ್ಚು. "ಗಂಡನನ್ನು ಹಿಡಿದಿಟ್ಟುಕೊಳ್ಳಲು ಅವಳಿಗೆ ಬರಲಿಲ್ಲ" ಎಂಬ ಅತ್ತೆಯ ಮಾತಿಗೆ ವೈದ್ಯಕೀಯ ಆಧಾರ ಎಳ್ಳಷ್ಟೂ ಇಲ್ಲ; ಈ ಕಾಯಿಲೆ ಹೆಂಡತಿಯ ಕೊರತೆಯಿಂದ ಬರುವುದಿಲ್ಲ, ಅವಳು ಬಂದದ್ದರಿಂದ ಹೋಗುವುದೂ ಇಲ್ಲ. ಅವಳು ಮೊದಲು ಮಾಡಬೇಕಾದದ್ದು ತನ್ನ ಆರೋಗ್ಯದ ತಪಾಸಣೆ. ಎಚ್.ಐ.ವಿ. ಪರೀಕ್ಷೆ ಸರ್ಕಾರಿ ಆಸ್ಪತ್ರೆಗಳ ಪರೀಕ್ಷಾ ಕೇಂದ್ರಗಳಲ್ಲಿ ಉಚಿತವಾಗಿ, ಗೌಪ್ಯವಾಗಿ ಆಗುತ್ತದೆ. ಅವಳಿಗೇ ಪ್ರತ್ಯೇಕ ಸಮಾಲೋಚಕರು ಬೇಕು, ಗಂಡನ ಸಮಾಲೋಚಕರಲ್ಲ. ಗಂಡನ ಫೋನಿನ ಕಾವಲುಗಾರಳಾಗುವುದು ಅವಳ ಕೆಲಸವಲ್ಲ. ಬಲವಂತ ನಡೆದರೆ 2005ರ ಕೌಟುಂಬಿಕ ಹಿಂಸೆ ತಡೆ ಕಾಯಿದೆ ಲೈಂಗಿಕ ಹಿಂಸೆಯನ್ನೂ ಒಳಗೊಂಡಿದೆ. ಇನ್ನು ಕ್ಷಮಾವಣಿಯ ದಿನ ಹಿರಿಯರೆಲ್ಲ ಸೇರಿ ಗಂಡನ ಕೈಯಿಂದ ಕ್ಷಮೆ ಕೇಳಿಸಿ, ಹೆಂಡತಿಯ ಬಾಯಿಂದ ಕ್ಷಮಿಸಿದೆನೆಂದು ಹೇಳಿಸಿ, ಪ್ರಕರಣ ಮುಗಿಯಿತೆಂದು ಎದ್ದು ಹೋಗುವ ಪದ್ಧತಿ. ಕ್ಷಮೆ ಕೊಡುವವಳ ಇಚ್ಛೆ. ಕೊಡದಿರುವುದೂ, ತಡವಾಗಿ ಕೊಡುವುದೂ ಅವಳಿಗೆ ಬಿಟ್ಟದ್ದು. ಎರಡು ನಿಮಿಷದ ಕ್ಷಮೆಯಿಂದ ಮೂರು ವರ್ಷದ ಕಾಯಿಲೆ ವಾಸಿಯಾಗುವುದಿಲ್ಲ.

ಹಿಂದೂ ವಿವಾಹ ಕಾಯಿದೆ ಜೈನರಿಗೂ ಅನ್ವಯಿಸುತ್ತದೆ. ವರನಿಗೆ ಸಂಬಂಧಿಸಿದ ಮಹತ್ವದ ಸಂಗತಿಯನ್ನು ಮೋಸದಿಂದ ಮರೆಮಾಚಿ ಒಪ್ಪಿಗೆ ಪಡೆದಿದ್ದರೆ, ಅಂಥ ಮದುವೆಯನ್ನು ರದ್ದುಪಡಿಸಿಕೊಳ್ಳಲು ಅದರ 12ನೆಯ ಕಲಮು ದಾರಿ ಕೊಡುತ್ತದೆ. ಮೋಸ ತಿಳಿದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು, ತಿಳಿದ ಮೇಲೂ ಇಷ್ಟಪಟ್ಟು ಕೂಡಿ ಬಾಳಿರಬಾರದು. ಯಾವುದು ಮಹತ್ವದ ಸಂಗತಿಯೆಂದು ನ್ಯಾಯಾಲಯ ತೀರ್ಮಾನಿಸುತ್ತದೆ. ನ್ಯಾಯಾಲಯದವರೆಗೆ ಹೋಗುವ ಮೊದಲೇ ಹುಡುಗನ ಮನೆಯವರು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ತಮ್ಮ ಮಗಳನ್ನು ಇಂಥದೊಂದು ಮನೆಗೆ, ಹೇಳದೆ, ಯಾರಾದರೂ ಕೇಳಿದ್ದರೆ?

ನೆರೂಳಿನ ಆ ಮನೆಯಲ್ಲಿ ಇನ್ನೂ ಕಾಲ ಮಿಂಚಿಲ್ಲ. ಅಥಣಿಗೆ ಹೋಗಿರುವುದು ಬರಿಯ ಒಂದು ಫೋನು. ಹುಡುಗಿ ನೋಡುವ ಶಾಸ್ತ್ರ ಆಗಿಲ್ಲ. ತಂದೆ ಇನ್ನೊಂದು ಫೋನು ಮಾಡಿ, ಇನ್ನು ಒಂದೆರಡು ವರ್ಷ ಮದುವೆಯ ಮಾತು ಬೇಡವೆಂದು ಹೇಳಬಹುದು. ಕಾರಣ ಕೇಳಿದರೆ ಹುಡುಗನ ಆರೋಗ್ಯ ಸರಿಯಿಲ್ಲ, ಚಿಕಿತ್ಸೆ ನಡೆದಿದೆ ಎಂದರೆ ಸಾಕು. ಅದು ಸುಳ್ಳಲ್ಲ, ಅದಕ್ಕಿಂತ ಹೆಚ್ಚನ್ನು ಈಗ ಅವರಿಗೆ ಹೇಳಬೇಕಾಗಿಯೂ ಇಲ್ಲ. ಮುಂದೆ ಹುಡುಗ ಚೇತರಿಸಿಕೊಂಡು ಮದುವೆಗೆ ಸಿದ್ಧನಾದ ದಿನ, ನಿಶ್ಚಿತಾರ್ಥಕ್ಕೆ ಮೊದಲು, ಸಮಾಲೋಚಕರ ನೆರವಿನಿಂದ ಅವನೇ ಆ ಹುಡುಗಿಗೆ ಎಲ್ಲವನ್ನೂ ಹೇಳಬೇಕಾಗುತ್ತದೆ. ಅವಳು ಒಲ್ಲೆನೆನ್ನಬಹುದು. ಸದ್ಯಕ್ಕೆ ತಾಯಿ ಮಾಡಬೇಕಾದದ್ದು, ಮಗ ಎಚ್ಚರವಾದ ಮೇಲೆ ಕೋಣೆಯ ಬಾಗಿಲು ತಟ್ಟಿ, ಚಹಾ ಮೇಜಿನ ಮೇಲಿಟ್ಟು, "ನಿನಗೆ ಹುಷಾರಿಲ್ಲಪ್ಪಾ, ನಡಿ ಡಾಕ್ಟರ ಕಡೆ ಹೋಗೋಣು. ನಿಮ್ಮಪ್ಪಾಜಿನೂ ಬರ್ತಾರ" ಎಂದು ಹೇಳುವುದು.